ಬಲ್ಬು ಹೊತ್ತಿದರೆ ಸಾಲದು

ವಿಜ್ಞಾನ ಪ್ರದರ್ಶನಗಳ ತೀರ್ಪುಗಾರರಲ್ಲಿ ನನ್ನದೊಂದು ಕೋರಿಕೆ: ಮೊಬೈಲಿನಿಂದ ದೀಪ ಹೊತ್ತಿಸುವ ಮಾದರಿ ಕಂಡರೆ, ಚಪ್ಪಾಳೆಗೆ ಮುಂಚೆ ಪ್ಲಗ್ ಕಿತ್ತು, ಹಲಗೆಯನ್ನು ಮಗುಚಿ ನೋಡಿ. ಅಂಕ ಕೊಡಬೇಕಾದದ್ದು ಆ ಹಿಂಬದಿಗೆ.

ನಾನು ಅಕ್ಕಲಕೋಟೆಯ ವಾಯರ್‌ಮನ್. ಇಲ್ಲಿಂದ ಸೊಲ್ಲಾಪುರದವರೆಗೆ ಮನೆ, ಅಂಗಡಿ, ಮಗ್ಗದ ಶೆಡ್ಡುಗಳಿಗೆ ವಾಯರ್ ಎಳೆದವನು. ಈಗ ನಮ್ಮ ಕನ್ನಡ ಶಾಲೆಯ ಹುಡುಗರೂ ಪ್ರೋಗ್ರಾಮು ತುಂಬುವ ಆರ್ಡುಯಿನೋ ಬೋರ್ಡು, ನೀಲಿ ಡಬ್ಬಿಯ ರಿಲೇ ಹಿಡಿದು ಬಂದು, "ಕಾಕಾ, ಇದಕ ಫೇಸ್ ಎಲ್ಲಿ ಕೊಡೂದು?" ಅನ್ನುತ್ತಾರೆ. ಕೇಳುವವರ ಚಿಂತೆ ನನಗಿಲ್ಲ. ಕೇಳದೆ ಕೊಡುವವರದೇ ಚಿಂತೆ.

ರಿಲೇ ನಮ್ಮ ಸೀಮೆಗೆ ಹೊಸದಲ್ಲ. ಬಾವಿಯ ಮೋಟಾರಿನ ಸ್ಟಾರ್ಟರಿನಲ್ಲಿ ಕಾಯಿಲ್‌ಗೆ ಕರೆಂಟ್ ಬಂದೊಡನೆ ಕಾಂಟ್ಯಾಕ್ಟು ಧಡ್ಡನೆ ಕೂರುವುದನ್ನು ರೈತರ ಮಕ್ಕಳೆಲ್ಲ ಕೇಳಿದ್ದಾರೆ. ನೀಲಿ ಡಬ್ಬಿಯದೂ ಅದೇ ಕೆಲಸ. ಅದರ 5 ವೋಲ್ಟಿನ ಕಾಯಿಲ್ ಸುಮಾರು 70 ಮಿಲಿಆಂಪ್ ಎಳೆಯುತ್ತದೆ. ಆರ್ಡುಯಿನೋ ಊನೋದ ಒಂದು ಪಿನ್ನಿಗೆ 20ರ ಭಾರವೇ ಸಾಕು. ಅದಕ್ಕೇ ನಡುವೆ ಟ್ರಾನ್ಸಿಸ್ಟರು, ಕಾಯಿಲ್ ಬಿಡುವಾಗಿನ ಹೊಡೆತ ತಡೆಯಲು ಡಯೋಡು. ಈ ಬದಿಯಲ್ಲಿ ಹುಡುಗರು ನನಗಿಂತ ಜಾಣರು.

ಅಪಾಯವಿರುವುದು 230 ವೋಲ್ಟ್ ಬರುವ ಸ್ಕ್ರೂಗಳ ಬದಿಯಲ್ಲಿ. ಫೇಸನ್ನು ಕಾಮನ್‌ಗೆ ಕೊಟ್ಟು, ನಾರ್ಮಲಿ ಓಪನ್‌ನಿಂದ ಹೋಲ್ಡರಿಗೆ ಒಯ್ಯಬೇಕು. ನ್ಯೂಟ್ರಲ್ ನೇರ ಹೋಗಬೇಕು. ಅದಲುಬದಲಾದರೂ ಬಲ್ಬು ಹೊತ್ತುತ್ತದೆ, ಆರುತ್ತದೆ, ಬಹುಮಾನವೂ ಬರುತ್ತದೆ. ಆದರೆ ಆರಿದ ಬಲ್ಬಿನ ಹೋಲ್ಡರಿನಲ್ಲಿ ಫೇಸ್ ಹಾಗೇ ನಿಂತಿರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಹಾಕಿದರೂ ಇದೇ ಗತಿ. ಇನ್ನು ರಿಲೇ ಕೂತ ಮಾಡ್ಯೂಲಿನ ತಳದ ಬೆಸುಗೆಗಳಿಗೆ ಹೊದಿಕೆಯೇ ಇಲ್ಲ. ಎತ್ತಿದ ಕೈಗೆ ಮೊದಲು ತಾಗುವುದು ಅವೇ.

ರಿಲೇ ಮೇಲೆ 10 ಆಂಪ್ ಎಂದು ಬರೆದಿದೆಯಲ್ಲ ಎಂದು ಅದಕ್ಕೇ ಮಗ್ಗದ ಮೋಟಾರು ಸಿಕ್ಕಿಸಲು ಹೊರಡುವವರೂ ಇದ್ದಾರೆ. ಮೋಟಾರು ಶುರುವಾಗುವಾಗ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಕಾಂಟ್ಯಾಕ್ಟು ಬೆಸೆದುಕೊಂಡರೆ ಪ್ರೋಗ್ರಾಮು ಎಷ್ಟು ಆಫ್ ಅಂದರೂ ಮಗ್ಗ ನಿಲ್ಲದು. ಅಂಥಲ್ಲಿ ರಿಲೇ ದೊಡ್ಡ ಕಾಂಟ್ಯಾಕ್ಟರಿನ ಕಾಯಿಲನ್ನಷ್ಟೇ ನಡೆಸಲಿ.

ನಿಜವಾದ ಕರೆಂಟ್ ತೋರಿಸದಿದ್ದರೆ ಮಕ್ಕಳ ಹೆದರಿಕೆ ಹೋಗುವುದು ಹೇಗೆ ಎಂದು ಕೆಲವು ಮಾಸ್ತರರು ಕೇಳುತ್ತಾರೆ. ಹೆದರಿಕೆ ಹೋಗಬೇಕಾದದ್ದು ಕ್ರಮ ಕಲಿತ ಮೇಲೆ. 12 ವೋಲ್ಟಿನ ಬಲ್ಬಿಗೂ ರಿಲೇ ಅಷ್ಟೇ ಜೋರಾಗಿ ಟಕ್ಕೆನ್ನುತ್ತದೆ; ಪ್ರೋಗ್ರಾಮಿನ ಒಂದು ಸಾಲೂ ಬದಲಾಗುವುದಿಲ್ಲ. ಶಾಲೆಯ ಮೇಜಿಗೆ ಅಷ್ಟು ಸಾಕು. ಮನೆಗೆ ಹಾಕುವ ದಿನ ಮುಚ್ಚಿದ ಡಬ್ಬಿ, ಫ್ಯೂಸು, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ, ಲೈಸೆನ್ಸ್ ಇರುವ ವಾಯರ್‌ಮನ್ ಎಲ್ಲವೂ ಬೇಕು. ಮೇನ್ ಇಳಿಸಿದ ಮೇಲೂ ಟೆಸ್ಟರ್ ಹಚ್ಚಿ ನೋಡುವುದು ಏಕೆಂದು ಹುಡುಗ ಪಕ್ಕದಲ್ಲಿ ನಿಂತು ಕಲಿಯಲಿ.

ನಮ್ಮ ವಾಯರ್‌ಮನ್‌ಗಳೂ "ಅದು ಕಂಪ್ಯೂಟರಿನವರ ಕೆಲಸ" ಎಂದು ಜಾರಿಕೊಳ್ಳುವುದನ್ನು ಬಿಡಬೇಕು. ನಾವು ಬರುವುದಿಲ್ಲ ಎಂದರೆ ಹುಡುಗ ಕೆಲಸ ನಿಲ್ಲಿಸುವುದಿಲ್ಲ. ಫೇಸಿಗೆ ತಾನೇ ಕೈ ಹಾಕುತ್ತಾನೆ.