ಪುಲ್ಲಿ ಬದಲಿಸಿದ್ದು ಯಾರ ಲಾಭಕ್ಕೆ?

"ಮಗ್ಗ ಜೋರಾಗಿ ಓಡಿದರೆ ಮೀಟರು ಹೆಚ್ಚು, ಮೀಟರು ಹೆಚ್ಚಿದರೆ ಕೂಲಿ ಹೆಚ್ಚು, ಇದರಲ್ಲಿ ತಕರಾರೇನು?" ಸೂರತ್ತಿನ ಪವರ್‌ಲೂಮ್ ಶೆಡ್ಡುಗಳಲ್ಲಿ ದುಡಿಯುವ ನಮ್ಮ ಬಂಧುಗಳ ಕಿವಿಗೆ ಈ ಮಾತು ಮತ್ತೆ ಮತ್ತೆ ಬೀಳುತ್ತಿದೆ. ಮಾಲೀಕರು ಹೀಗೆ ಹೇಳುವುದು ಸಹಜವೇ. ನಮ್ಮವರೇ ಕೆಲವರು ತಲೆದೂಗುತ್ತಿರುವುದನ್ನು ಕಂಡು ಈ ನಾಲ್ಕು ಮಾತು ಬರೆಯಬೇಕಾಗಿ ಬಂದಿದೆ.

ಮಗ್ಗವನ್ನು ಜೋರು ಮಾಡಲು ಹೊಸ ಮಗ್ಗ ತರಬೇಕಾಗಿಲ್ಲ. ಮೋಟಾರಿನ ಪುಲ್ಲಿಯನ್ನು ಬಿಚ್ಚಿ ತುಸು ದೊಡ್ಡದನ್ನು ಹಾಕಿದರಾಯಿತು. ನಿಮಿಷಕ್ಕೆ 960 ಸುತ್ತು ತಿರುಗುವ ಮೋಟಾರಿಗೆ 3 ಅಂಗುಲದ ಪುಲ್ಲಿಯೂ ಮಗ್ಗಕ್ಕೆ 18 ಅಂಗುಲದ್ದೂ ಇದ್ದರೆ ಲಾಳಿ ನಿಮಿಷಕ್ಕೆ 160 ಸಲ ಹಾಯುವುದು. 3ರ ಜಾಗದಲ್ಲಿ ಮೂರೂವರೆ ಅಂಗುಲ ಬಂದರೆ 186ಕ್ಕೂ ಮೇಲೆ. ವೇಗ ಏರಿದ್ದು ಆರರಲ್ಲೊಂದು ಪಾಲು. ಲಾಳಿಯ ಪೆಟ್ಟು ಏರುವುದು ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು, ಏಕೆಂದರೆ ಪೆಟ್ಟು ವೇಗದ ವರ್ಗದಂತೆ ಬೆಳೆಯುತ್ತದೆ. ಈ ಲೆಕ್ಕವನ್ನು ಮಾತ್ರ ಯಾವ ಸೇಠನೂ ಹೇಳುವುದಿಲ್ಲ. ಲಾಳಿ ಪೆಟ್ಟಿಗೆ ತಪ್ಪಿ ಹಾರಿದ ದಿನ ಎದುರಿಗಿರುವ ಕಣ್ಣು ಯಾರದು?

ಇನ್ನು ಕೂಲಿಯ ಮಾತು. ವೇಗ ಹೆಚ್ಚಿದಂತೆ ನೂಲು ಹರಿಯುವುದು ಹೆಚ್ಚು, ಗಂಟು ಹಾಕಲು ಮಗ್ಗ ನಿಲ್ಲುವುದೂ ಹೆಚ್ಚು. ಮೊದಲು ನೂರು ನಿಮಿಷದಲ್ಲಿ 80 ನಿಮಿಷ ಓಡುತ್ತಿದ್ದ ಮಗ್ಗ ಈಗ 68 ನಿಮಿಷ ಓಡಿತು ಎನ್ನೋಣ. ಆಗ ಸರಾಸರಿ ನಿಮಿಷಕ್ಕೆ 128 ಎಳೆ. ಈಗ 127ರ ಆಸುಪಾಸು. ಬಟ್ಟೆ ಅಷ್ಟೇ, ಓಡಾಟ ಮಾತ್ರ ಇಮ್ಮಡಿ. ಒಂದು ವೇಳೆ ಮೀಟರು ನಿಜವಾಗಿ ಏರಿತೆನ್ನಿ, ಆಗ ಮೀಟರಿನ ದರ ಇಳಿಯುವುದಿಲ್ಲವೆಂದು ಬರೆದುಕೊಟ್ಟವರಾರು?

ಹೋಟೆಲಿನ ಬಂಧುಗಳು ಇದು ತಮಗೆ ಸೇರಿದ್ದಲ್ಲವೆಂದು ಪುಟ ತಿರುವಬಾರದು. ವಡೋದರೆಯ ಒಂದು ಹೋಟೆಲಿನಲ್ಲಿ ರುಬ್ಬುವ ಯಂತ್ರಕ್ಕೆ ಇದೇ ಚಿಕಿತ್ಸೆ ನಡೆದುದನ್ನು ನಾವೇ ಕಂಡಿದ್ದೇವೆ. ಹಿಟ್ಟು ಬಿಸಿಯಾಗಿ ಇಡ್ಲಿ ಕೆಟ್ಟಿತು. ಬೈಗುಳ ಭಟ್ಟರಿಗೆ ಸಂದಿತು, ಪುಲ್ಲಿಗಲ್ಲ!

ಮರ ಕೊಯ್ಯುವ ಚೈನ್‌ಸಾ ಇಟ್ಟುಕೊಂಡ ಕೆಲವರು ಸುತ್ತಿಗೆ ಮಿತಿ ಹಾಕುವ ಕಾಯಿಲನ್ನು ತೆಗೆದು ಮಿತಿಯಿಲ್ಲದ್ದನ್ನು ಹಾಕುವರು, ಫ್ಲೈವೀಲನ್ನೂ ಹಗುರ ಮಾಡುವರು. ಅದೂ ಅಪಾಯವೇ. ಆದರೆ ಅಲ್ಲಿ ಯಂತ್ರವೂ ಅವನದು, ಕಾಲೂ ಅವನದು. ಇಲ್ಲಿ ಯಂತ್ರ ಒಬ್ಬನದು, ಕಣ್ಣು ಇನ್ನೊಬ್ಬನದು.

ಅಹಮದಾಬಾದಿನ ಗಿರಣಿಯವರು 1918ರಲ್ಲಿ ಗಾಂಧೀಜಿಯವರ ನೇತೃತ್ವದಲ್ಲಿ ಕೇಳಿದ್ದು ನೂರಕ್ಕೆ 35ರಷ್ಟು ಕೂಲಿ ಏರಿಕೆ; ಮಗ್ಗವನ್ನು ಜೋರು ಮಾಡಿರೆಂದಲ್ಲ. 1920ರಲ್ಲಿ ಹುಟ್ಟಿದ ಮಜೂರ್ ಮಹಾಜನವು ಕೆಲಸದ ಹೊರೆಯನ್ನೂ ಮಾತುಕತೆಯ ಮೇಜಿಗೆ ತಂದಿತು. 1980 ಮತ್ತು 90ರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಆ ಮೇಜೂ ಹೋಯಿತು. ಶೆಡ್ಡಿನಲ್ಲಿ ಪುಲ್ಲಿ ಬದಲಾಗುವುದು ರಾತ್ರಿ ಪಾಳಿಯಲ್ಲಿ, ಯಾರನ್ನೂ ಕೇಳದೆ.

ನಾವು ವೇಗದ ವೈರಿಗಳಲ್ಲ. ಮಗ್ಗ ಮಗ್ಗಕ್ಕೂ ಅದರ ವೇಗವನ್ನು ಬರೆದು ತೂಗುಹಾಕಲಿ; ಲಾಳಿಗೆ ಅಡ್ಡಗಂಬಿ ಇರಲಿ; ಪುಲ್ಲಿ ಬದಲಿಸುವ ಮುನ್ನ ಮೀಟರಿನ ದರ ಕಾಗದದ ಮೇಲೆ ಬರಲಿ. ಅಷ್ಟರವರೆಗೆ ಬಂಧುಗಳು ಪಾಳಿಗೆ ನಿಂತೊಡನೆ ಗಡಿಯಾರ ಹಿಡಿದು ಒಂದು ನಿಮಿಷದ ಎಳೆಗಳನ್ನು ಎಣಿಸಿ, ತಾರೀಖಿನೊಡನೆ ಗುರುತು ಹಾಕಿಕೊಂಡು ಸಂಘದ ಕಚೇರಿಗೆ ತಂದುಕೊಡಬೇಕೆಂದು ಕೋರುತ್ತೇವೆ.