ಎರಡು ‘ಅ’ಗಳ ವ್ಯತ್ಯಾಸ ಕಲಿಸೋಣ

ಮ.ಸಾ.ಅ. ಮತ್ತು ಲ.ಸಾ.ಅ. ಕಂಡುಹಿಡಿಯುವ ಕ್ರಮವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಚೆನ್ನಾಗಿಯೇ ಕಲಿಸುತ್ತಾರೆ. ತೊಡಕು ಬರುವುದು ವಾಕ್ಯರೂಪದ ಲೆಕ್ಕಗಳಲ್ಲಿ. ಅಲ್ಲಿ ಒಂದು ಸುಲಭಸೂತ್ರ ಕಪ್ಪುಹಲಗೆಗೆ ಬಂದುಬಿಡುತ್ತದೆ: ‘ಗರಿಷ್ಠ’ ಎಂದಿದ್ದರೆ ಮ.ಸಾ.ಅ., ‘ಕನಿಷ್ಠ’ ಎಂದಿದ್ದರೆ ಲ.ಸಾ.ಅ. ಈ ಸೂತ್ರವನ್ನು ಪಾಠಯೋಜನೆಯಿಂದಲೇ ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ.

ಒಂದು ಕೋಣೆ 360 ಸೆಂ.ಮೀ. ಉದ್ದ, 300 ಸೆಂ.ಮೀ. ಅಗಲವಿದೆ. ಒಂದೇ ಅಳತೆಯ ಚೌಕ ಟೈಲ್‌ಗಳನ್ನು ಎಲ್ಲಿಯೂ ತುಂಡರಿಸದೆ ಹಾಸಲು ಕನಿಷ್ಠ ಎಷ್ಟು ಟೈಲ್ ಬೇಕು? ‘ಕನಿಷ್ಠ’ ಎಂಬುದನ್ನು ನೋಡಿದ ಮಗು ಲ.ಸಾ.ಅ. ತೆಗೆದು 1800 ಎನ್ನುತ್ತದೆ. ಬೇಕಾದದ್ದು ಮ.ಸಾ.ಅ.: ಟೈಲ್‌ನ ಬಾಹು 60 ಸೆಂ.ಮೀ., ಉದ್ದಕ್ಕೆ 6, ಅಗಲಕ್ಕೆ 5, ಒಟ್ಟು 30 ಟೈಲ್. ಇನ್ನು 9, 12, 15ರಿಂದ ನಿಶ್ಶೇಷವಾಗಿ ಭಾಗವಾಗುವ ಮೂರಂಕಿಯ ಗರಿಷ್ಠ ಸಂಖ್ಯೆ ಯಾವುದು? ಇಲ್ಲಿ ಬೇಕಾದದ್ದು ಲ.ಸಾ.ಅ. 180, ಉತ್ತರ 900. ಎರಡು ಮಾರ್ಗಗಳ ಬಸ್ಸುಗಳು 18 ಮತ್ತು 24 ನಿಮಿಷಕ್ಕೊಮ್ಮೆ ಹೊರಡುತ್ತವೆ. ಬೆಳಿಗ್ಗೆ 6ಕ್ಕೆ ಒಟ್ಟಿಗೆ ಹೊರಟರೆ ಮತ್ತೆ ಯಾವಾಗ ಒಟ್ಟಿಗೆ ಹೊರಡುತ್ತವೆ? 7 ಗಂಟೆ 12 ನಿಮಿಷಕ್ಕೆ. ಈ ಲೆಕ್ಕದಲ್ಲಂತೂ ಆ ಎರಡೂ ಪದಗಳಿಲ್ಲ.

ಮಕ್ಕಳು ಪದ ಹುಡುಕಲು ನಮ್ಮ ಸಂಕ್ಷೇಪಗಳೂ ಕಾರಣ. ಮ.ಸಾ.ಅ. ಎಂಬಲ್ಲಿ ‘ಅ’ ಎಂದರೆ ಅಪವರ್ತನ, ಲ.ಸಾ.ಅ. ಎಂಬಲ್ಲಿ ‘ಅ’ ಎಂದರೆ ಅಪವರ್ತ್ಯ. ಲೆಕ್ಕದ ತಿರುಳಿರುವುದು ಈ ವ್ಯತ್ಯಾಸದಲ್ಲಿ. ಬರೆಯುವಾಗ ಅದು ಮರೆಯಾಗಿ, ‘ಮ’ ಮತ್ತು ‘ಲ’ ಮಾತ್ರ ಕಣ್ಣಿಗೆ ಬೀಳುತ್ತವೆ. ಸಾಲದ್ದಕ್ಕೆ, ‘ಮಹತ್ತಮ’ವಾದದ್ದು ಕೊಟ್ಟ ಸಂಖ್ಯೆಗಳಲ್ಲಿ ಅತಿ ಚಿಕ್ಕದನ್ನು ಮೀರದು, ‘ಲಘುತ್ತಮ’ವಾದದ್ದು ಅತಿ ದೊಡ್ಡದಕ್ಕಿಂತ ಕಡಿಮೆಯಾಗದು.

ಆದ್ದರಿಂದ ಆರಂಭದ ಅವಧಿಗಳಲ್ಲಾದರೂ ಹೆಸರನ್ನು ಪೂರ್ತಿ ಬರೆಸೋಣ. ಲೆಕ್ಕಕ್ಕೆ ಕೈಹಾಕುವ ಮೊದಲು ಒಂದೇ ಪ್ರಶ್ನೆ ಕೇಳೋಣ: ನಾವು ಹುಡುಕುವ ಸಂಖ್ಯೆ ಕೊಟ್ಟ ಸಂಖ್ಯೆಗಳನ್ನು ಭಾಗಿಸಬೇಕೋ, ಅವುಗಳಿಂದ ಭಾಗವಾಗಬೇಕೋ? ಟೈಲ್‌ನ ಬಾಹು 360ನ್ನೂ 300ನ್ನೂ ಭಾಗಿಸಬೇಕು, ಅದು ಅಪವರ್ತನ. ಬಸ್ಸುಗಳು ಮತ್ತೆ ಒಟ್ಟಿಗೆ ಹೊರಡುವವರೆಗಿನ ನಿಮಿಷಗಳು 18ರಿಂದಲೂ 24ರಿಂದಲೂ ಭಾಗವಾಗಬೇಕು, ಅದು ಅಪವರ್ತ್ಯ. ಉತ್ತರ ಬಂದ ಮೇಲೆ ಅದು ಸನ್ನಿವೇಶಕ್ಕೆ ಹೊಂದುತ್ತದೆಯೇ ಎಂದೂ ನೋಡಿಸೋಣ. 1800 ಸೆಂ.ಮೀ. ಬಾಹುವಿನ ಟೈಲ್ ಕೋಣೆಯೊಳಗೇ ಹಿಡಿಯದು ಎಂದು ಮಗುವೇ ಹೇಳೀತು.

ಅವಧಿ ಚಿಕ್ಕದು, ಪರೀಕ್ಷೆ ಹತ್ತಿರ, ನಿಧಾನವಾಗಿ ಕಲಿಯುವವರಿಗೆ ಸೂತ್ರವೇ ಆಸರೆ ಎಂಬ ವಾದವಿದೆ. ಆದರೆ ಪ್ರಶ್ನೆಯ ಮಾತು ಸ್ವಲ್ಪ ಬದಲಾದರೂ ಮೊದಲು ಎಡವುವವರು ಆ ಮಕ್ಕಳೇ. ಸೂತ್ರ ಕೈಕೊಟ್ಟಾಗ ಅವರ ಬಳಿ ಬೇರೇನೂ ಉಳಿದಿರುವುದಿಲ್ಲ.

ಇದು ಪ್ರಶಿಕ್ಷಣಾರ್ಥಿಗಳ ಹೊಣೆಯಷ್ಟೇ ಅಲ್ಲ. ಪಾಠ ವೀಕ್ಷಿಸುವ ನಾವು ಸರಿ ಉತ್ತರಕ್ಕೆ, ಕಪ್ಪುಹಲಗೆಯ ಬಳಕೆಗೆ ಮಾತ್ರ ಅಂಕ ಕೊಟ್ಟರೆ ಸುಲಭಸೂತ್ರವೇ ಗೆಲ್ಲುತ್ತದೆ. ಈ ಘಟಕದ ಪ್ರತಿ ಪಾಠಯೋಜನೆಯಲ್ಲೂ ಆ ಸೂತ್ರಕ್ಕೆ ಸಿಗದ ಒಂದು ಲೆಕ್ಕವಿರಲಿ. ‘ಇಲ್ಲಿ ಅಪವರ್ತನವೇ ಏಕೆ?’ ಎಂಬುದಕ್ಕೆ ಮಗು ತನ್ನ ಮಾತಿನಲ್ಲಿ ಕಾರಣ ಕೊಟ್ಟಿತೇ ಎಂಬುದನ್ನೂ ವೀಕ್ಷಣಾ ಪುಸ್ತಕದಲ್ಲಿ ದಾಖಲಿಸೋಣ. ಇಲ್ಲಿ ರೂಢಿಯಾದದ್ದನ್ನೇ ಪ್ರಶಿಕ್ಷಣಾರ್ಥಿಗಳು ನಾಳೆ ತಮ್ಮ ಶಾಲೆಗಳಿಗೆ ಒಯ್ಯುತ್ತಾರೆ.