ಹೊಸ ಚೆಂಡಿನಲ್ಲಿ ಹುಲಿ, ಹಳೆ ಚೆಂಡಿನಲ್ಲಿ ಇಲಿ: ವಿದರ್ಭ ಕಲಿಸಿದ ಪಾಠ

ಕಲ್ಪೆಟ್ಟ: ವಯನಾಡಿನಲ್ಲಿ ನಾಲ್ವರು ಕ್ರಿಕೆಟ್ ಪ್ರೇಮಿಗಳು ಸೇರಿದರೆ ವಿದರ್ಭದ ಹೆಸರು ಬಾರದೆ ಮಾತು ಮುಗಿಯುವುದಿಲ್ಲ. ಬತ್ತೇರಿಯ ಚಹಾದಂಗಡಿಯಾಗಲಿ, ಮೀನಂಗಾಡಿಯ ಬಸ್ ನಿಲ್ದಾಣವಾಗಲಿ, ವಾದ ಮಾತ್ರ ಒಂದೇ. ಕೇರಳಕ್ಕೆ ಕೈಕೊಟ್ಟದ್ದು ಬ್ಯಾಟಿಂಗೋ, ಬೌಲಿಂಗೋ?

ರಣಜಿ ಟ್ರೋಫಿಯ ನಾಕೌಟ್ ಹಂತದಲ್ಲಿ ಕೇರಳದ ದಾರಿಗೆ ವಿದರ್ಭ ಮೂರು ಸಲ ಅಡ್ಡ ನಿಂತಿದೆ. ಮೂರು ಸಲವೂ ಗೆಲುವಿನ ನಗೆ ಬೀರಿದ್ದು ವಿದರ್ಭವೇ. ಮೂರು ಸಲವೂ ಅದೇ ತಂಡ ಟ್ರೋಫಿ ಎತ್ತಿತು ಎಂಬುದು ಗಾಯದ ಮೇಲಿನ ಬರೆ.

ಮೊದಲ ಮುಖಾಮುಖಿ 2017-18ರ ಕ್ವಾರ್ಟರ್ ಫೈನಲ್, ಸೂರತ್‌ನಲ್ಲಿ. ವಿದರ್ಭವನ್ನು 246 ರನ್ನಿಗೆ ಕಟ್ಟಿಹಾಕಿದಾಗ ಕೇರಳದ ಬೌಲರ್‌ಗಳು ತಮ್ಮ ಪಾಲಿನ ಕೆಲಸ ಮುಗಿಸಿದ್ದರು. ಆದರೆ ಕೇರಳ 176ಕ್ಕೆ ಕುಸಿಯಿತು. ಎರಡನೇ ಇನಿಂಗ್ಸ್‌ನಲ್ಲಿ ಅದೇ ಬೌಲರ್‌ಗಳ ವಿರುದ್ಧ ವಿದರ್ಭ 9 ವಿಕೆಟ್‌ಗೆ 507 ರನ್ ಪೇರಿಸಿತು. ಸೋಲಿನ ಅಂತರ 412 ರನ್. ಕೊನೆಯ ಇನಿಂಗ್ಸ್‌ನಲ್ಲಿ 6 ವಿಕೆಟ್ ಕಿತ್ತ ಎಡಗೈ ಸ್ಪಿನ್ನರ್ ಆದಿತ್ಯ ಸರವಟೆ. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಎರಡನೆಯದು ವಯನಾಡಿನ ಅಂಗಳದಲ್ಲೇ ನಡೆದದ್ದು. 2019ರ ಜನವರಿಯಲ್ಲಿ ಕೃಷ್ಣಗಿರಿಯ ಹಸಿರು ಪಿಚ್‌ನಲ್ಲಿ ಬಾಸಿಲ್ ಥಂಪಿ 5, ಸಂದೀಪ್ ವಾರಿಯರ್ 4 ವಿಕೆಟ್ ಉರುಳಿಸಿ ಗುಜರಾತನ್ನು ಎರಡನೇ ಇನಿಂಗ್ಸ್‌ನಲ್ಲಿ 81ಕ್ಕೆ ಮುಗಿಸಿದರು. ಕೇರಳ 113 ರನ್‌ಗಳಿಂದ ಗೆದ್ದು ಇತಿಹಾಸದಲ್ಲೇ ಮೊದಲ ಬಾರಿಗೆ ಸೆಮಿಫೈನಲ್ ಹೊಕ್ಕಿತು. ಅಲ್ಲಿ ಎದುರಾದದ್ದು ಮತ್ತೆ ವಿದರ್ಭ. ಮೈದಾನ ಅದೇ, ವೇಗಿಗಳಿಗೆ ನೆರವೀಯುವ ಪಿಚ್ ಕೂಡ ಅಂಥದೇ. ಆದರೆ ಎದುರಾಳಿಯ ಬಳಿ ಉಮೇಶ್ ಯಾದವ್ ಇದ್ದರು. ನಾಗಪುರ ಸಮೀಪದ ಗಣಿ ಕಾರ್ಮಿಕರೊಬ್ಬರ ಮಗನಾದ ಈ ಟೆಸ್ಟ್ ವೇಗಿ 48ಕ್ಕೆ 7, 31ಕ್ಕೆ 5 ವಿಕೆಟ್ ಕಬಳಿಸಿದರು. ಕೇರಳ 106 ಮತ್ತು 91ಕ್ಕೆ ಗಂಟುಮೂಟೆ ಕಟ್ಟಿತು. ಪಂದ್ಯ ಎರಡೇ ದಿನದಲ್ಲಿ ಮುಗಿಯಿತು. ಸೋಲು ಇನಿಂಗ್ಸ್ ಮತ್ತು 11 ರನ್‌ಗಳದ್ದು.

ಅಂದಿನಿಂದ ಹಲವರು ದೂರುವುದು ಪಿಚ್ಚನ್ನು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ! ಅದೇ ನೆಲದಲ್ಲಿ ಸಂದೀಪ್ ವಾರಿಯರ್ 5 ವಿಕೆಟ್ ಪಡೆದು ವಿದರ್ಭವನ್ನು 208ಕ್ಕೆ ನಿಲ್ಲಿಸಿದ್ದರು. ಆದರೆ ಆ ಕುಸಿತಕ್ಕೆ ಮುನ್ನ ವಿದರ್ಭ 2 ವಿಕೆಟ್‌ಗೆ 170 ರನ್ ಗಳಿಸಿಯಾಗಿತ್ತು. ಪಂದ್ಯ ಕೈತಪ್ಪಿದ್ದು ಆ ನಡುವಿನ ಹೊತ್ತಿನಲ್ಲಿ.

ಆರು ವರ್ಷಗಳ ಬಳಿಕ, 2025ರಲ್ಲಿ ನಾಗಪುರದ ಫೈನಲ್‌ನಲ್ಲೂ ಇದೇ ಕಥೆ. ಮೊದಲು ಬೌಲಿಂಗ್ ಆಯ್ದ ಕೇರಳ, 24 ರನ್ ಆಗುವಷ್ಟರಲ್ಲಿ ವಿದರ್ಭದ 3 ವಿಕೆಟ್ ಕೆಡವಿತು. ಚೆಂಡು ಹಳೆಯದಾಗುತ್ತಿದ್ದಂತೆ ಚಿತ್ರ ಬದಲಾಯಿತು. ಡ್ಯಾನಿಶ್ ಮಾಲೇವಾರ್ ಮತ್ತು ಕರುಣ್ ನಾಯರ್ ನಾಲ್ಕನೇ ವಿಕೆಟ್‌ಗೆ 215 ರನ್ ಸೇರಿಸಿದರು. 86 ರನ್ ಗಳಿಸಿದ್ದ ಕರುಣ್ ಹೊರನಡೆದದ್ದು ರನೌಟ್ ಆಗಿ, ಯಾವ ಬೌಲರನ ಎಸೆತಕ್ಕೂ ಅಲ್ಲ. ಎರಡನೇ ಇನಿಂಗ್ಸ್‌ನಲ್ಲಿ ಅವರದು 135. ಪಂದ್ಯ ಡ್ರಾ ಆಯಿತು. 379ಕ್ಕೆ ಉತ್ತರವಾಗಿ 342 ಗಳಿಸಿದ್ದ ಕೇರಳ, 37 ರನ್‌ಗಳ ಹಿನ್ನಡೆಯಿಂದಾಗಿ ಟ್ರೋಫಿ ಕಳೆದುಕೊಂಡಿತು.

ಮಲಯಾಳಿ ಹೆತ್ತವರ ಮಗ, ಕರ್ನಾಟಕ ಬೆಳೆಸಿದ ಆಟಗಾರ ಕರುಣ್, ವಿದರ್ಭದ ಪರ ಆಡಿ ಕೇರಳದ ಕನಸು ಮುರಿದರು. 2025ರ ನವೆಂಬರಿನಲ್ಲಿ, ಮತ್ತೆ ಕರ್ನಾಟಕದ ಅಂಗಿ ತೊಟ್ಟು ತಿರುವನಂತಪುರದ ಮಂಗಲಪುರಕ್ಕೆ ಬಂದು 233 ರನ್ ಬಾರಿಸಿದರು. ಅಲ್ಲಿಯೂ ಕರ್ನಾಟಕದ ಮೊದಲ ಎರಡು ವಿಕೆಟ್ ಬೇಗನೆ ಬಿದ್ದಿದ್ದವು. ಆಮೇಲೆ ಆರ್. ಸ್ಮರಣ್ ಅಜೇಯ 220 ಹೊಡೆದರು. ಮೊತ್ತ 5 ವಿಕೆಟ್‌ಗೆ 586ಕ್ಕೆ ಏರಿತು. ಕೇರಳಕ್ಕೆ ಇನಿಂಗ್ಸ್ ಮತ್ತು 164 ರನ್‌ಗಳ ಸೋಲು. ಗುಂಡ್ಲುಪೇಟೆ ಕಡೆಯ ನೆಂಟರೊಂದಿಗೆ ಮಾತಾಡುವಾಗ ಗಡಿಯ ಈಚೆಯ ಕನ್ನಡಿಗರು ಸಂತೋಷಪಡಬೇಕೋ ಸಂಕಟಪಡಬೇಕೋ ತಿಳಿಯದ ಸ್ಥಿತಿ!

ಹಾಗಾದರೆ ಉತ್ತರವೇನು? ಬ್ಯಾಟಿಂಗ್ ಕುಸಿದದ್ದು ನಿಜ. ಆದರೆ ಬೌಲಿಂಗ್ ನಿರ್ದೋಷಿಯಲ್ಲ. ಹೊಸ ಚೆಂಡಿನಲ್ಲಿ ಕೇರಳದ ವೇಗಿಗಳು ಯಾರಿಗೂ ಕಡಿಮೆಯಿಲ್ಲ, ಅವರು ನಾಡಿನಲ್ಲೇ ಬೆಳೆದವರು. ಕೊರತೆ ಇರುವುದು ಹಳೆಯ ಚೆಂಡಿನಲ್ಲಿ ಜತೆಯಾಟ ಮುರಿಯುವವರದ್ದು. ಆ ಹೊರೆಯನ್ನು ವರ್ಷಗಟ್ಟಲೆ ಹೊತ್ತವರು ಮಧ್ಯಪ್ರದೇಶದಿಂದ ಬಂದ ಜಲಜ್ ಸಕ್ಸೇನಾ. ಒಂದು ಋತುವಿಗೆ ಕರ್ನಾಟಕದ ಶ್ರೇಯಸ್ ಗೋಪಾಲ್ ಬಂದು ಹೋದರು. 2024-25ರಲ್ಲಿ ಬಂದವರು ಅದೇ ಆದಿತ್ಯ ಸರವಟೆ! ಸೆಮಿಫೈನಲ್‌ನಲ್ಲಿ ಗುಜರಾತಿನ ಕೊನೆಯ ವಿಕೆಟ್ ಕಿತ್ತು, 2 ರನ್ ಮುನ್ನಡೆ ದಕ್ಕಿಸಿ, ಕೇರಳವನ್ನು ಫೈನಲ್‌ಗೆ ತಲುಪಿಸಿದ್ದೂ ಅವರ ಎಸೆತವೇ. ಕರೆತಂದವರು ಒಂದು ದಿನ ಹೋಗಿಯೇ ಹೋಗುತ್ತಾರೆ. 2025-26ರಲ್ಲಿ ಜಲಜ್ ಮಹಾರಾಷ್ಟ್ರ ಸೇರಿದರು.

ವಿದರ್ಭವೂ ಹೊರಗಿನವರನ್ನು ತಂದಿದೆ. ಆದರೆ ವಸೀಂ ಜಾಫರ್, ಗಣೇಶ್ ಸತೀಶ್, ಕರುಣ್, ಎಲ್ಲರೂ ಬ್ಯಾಟ್ಸ್‌ಮನ್‌ಗಳು. ವಿಕೆಟ್ ಕೀಳುವ ಕೆಲಸವನ್ನು ಅದು ಹೆಚ್ಚಾಗಿ ಮನೆಯ ಮಕ್ಕಳಿಗೇ ಒಪ್ಪಿಸಿತು. ಉಮೇಶ್, ಗುರ್ಬಾನಿ, ಸರವಟೆ, ಈಗ ಹರ್ಷ್ ದುಬೆ. 2024-25ರಲ್ಲಿ ದುಬೆ ಪಡೆದ 69 ವಿಕೆಟ್ ಒಂದೇ ಋತುವಿನ ರಣಜಿ ದಾಖಲೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಇಲ್ಲಿ ನೆನಪಾಗುತ್ತದೆ. ಕೇರಳದ ಪುರುಷರ ತಂಡ ಯಾವ ಬಗೆಯ ಬೌಲರ್‌ಗಾಗಿ ಊರೂರು ಅಲೆಯುತ್ತಿದೆಯೋ, ಅಂಥವರನ್ನು ವಯನಾಡು ಮಹಿಳಾ ಕ್ರಿಕೆಟ್‌ಗೆ ಕೊಟ್ಟಿದೆ. ಮಾನಂದವಾಡಿಯ ಆಫ್ ಸ್ಪಿನ್ನರ್ ಮಿನ್ನು ಮಣಿ 2023ರ ಜುಲೈನಲ್ಲಿ ಬಾಂಗ್ಲಾದೇಶದ ವಿರುದ್ಧ ಭಾರತದ ಪರ ಆಡಿ, ತನ್ನ ಮೊದಲ ಓವರಿನಲ್ಲೇ ವಿಕೆಟ್ ಪಡೆದರು. ಊರಿನ ಮೈಸೂರು ರಸ್ತೆಯ ಕೂಡುದಾರಿಗೆ ಅವರ ಹೆಸರನ್ನೇ ಇಡಲಾಯಿತು. 2025ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಕಲ್ಪೆಟ್ಟದ ವೇಗಿ ವಿ.ಜೆ. ಜೋಷಿತಾ ಇದ್ದರು.

ಬಡ ಮನೆಯ ಹುಡುಗಿಯೊಬ್ಬಳು ಈ ಗುಡ್ಡಗಳ ನಡುವೆ ಚೆಂಡು ತಿರುಗಿಸಲು ಕಲಿತು ಭಾರತ ತಂಡ ಮುಟ್ಟಬಹುದಾದರೆ, ಹುಡುಗರಿಗೆ ಆ ದಾರಿ ಮುಚ್ಚಿರಬೇಕಿಲ್ಲ. ಕೃಷ್ಣಗಿರಿಯಲ್ಲಿ ಹಸಿರು ಹಾಸಿ ಎರಡು ದಿನದಲ್ಲಿ ಪಂದ್ಯ ಮುಗಿಸುವುದಕ್ಕಿಂತ, ನಾಲ್ಕನೇ ದಿನದವರೆಗೂ ಬಾಳುವ ಪಿಚ್ ಮಾಡಿ, ಹದಿಹರೆಯದ ಸ್ಪಿನ್ನರ್ ಕೈಗೆ ಐವತ್ತು ಓವರ್ ಸವೆದ ಚೆಂಡು ಕೊಡುವುದು ಲೇಸು. ಟ್ರೋಫಿ ಬರುವುದಾದರೆ ಆ ಹಳೆಯ ಚೆಂಡಿನಿಂದಲೇ ಬರಬೇಕು.